ಚಿಕ್ಕ ವಿಮಾನದಲ್ಲಿ ಫ್ಯೂಯೆಲ್ ಫ್ಲೋ ಸರಿಯಾಗಿ ಅಳೆಯೋದು: ಪದೇ ಪದೇ ಕೇಳುವ ಪ್ರಶ್ನೆಗಳು

ನಾನಿರೋದು ಟೆಕ್ಸಾಸಲ್ಲಿ. ನಾನೂ ನನ್ನ ಗೆಳೆಯನೂ ಅರ್ಧರ್ಧ ದುಡ್ಡು ಹಾಕಿ ಒಂದು ಹಳೇ ಮೂನಿ ಎಂ20ಜೆ ವಿಮಾನ ಇಟ್ಕೊಂಡಿದೀವಿ, ಲೈಕಾಮಿಂಗ್ ಐಓ-360 ಇಂಜಿನ್, 200 ಹಾರ್ಸ್‌ಪವರ್, ಎರಡು ರೆಕ್ಕೇಲೂ ಸೇರಿ ಬಳಸೋಕಾಗೋ ಪೆಟ್ರೋಲು 64 ಗ್ಯಾಲನ್. ಇದಕ್ಕೆ ಫ್ಯೂಯೆಲ್ ಫ್ಲೋ ಮೀಟರ್, ಅಂದ್ರೆ ಇಂಜಿನ್ನಿಗೆ ಗಂಟೆಗೆ ಎಷ್ಟು ಪೆಟ್ರೋಲ್ ಹೋಗ್ತಿದೆ ಅಂತ ಅಳೆಯೋ ಸಾಧನ ಹಾಕಿಸಿ, ಅದು ಸರಿಯಾದ ಲೆಕ್ಕ ಹೇಳೋ ಹಾಗೆ ಮಾಡೋಕೆ ನಮಗೆ ಹತ್ತಿರ ಹತ್ತಿರ ಒಂದು ವರ್ಷ ಹಿಡೀತು. ಆಮೇಲಿಂದ ಇಲ್ಲಿರೋ ಕನ್ನಡದ ಪೈಲಟ್‌ಗಳು, ಊರಲ್ಲಿ ಫ್ಲೈಯಿಂಗ್ ಕಲೀತಿರೋ ಹುಡುಗ ಹುಡುಗೀರು ಎಲ್ಲ ಅದೇ ಪ್ರಶ್ನೆಗಳನ್ನ ಕೇಳ್ತಾನೇ ಇರ್ತಾರೆ, ಅದಕ್ಕೆ ಎಲ್ಲಾನೂ ಒಂದೇ ಕಡೆ ಬರೆದಿಡ್ತಿದೀನಿ.

ಟ್ಯಾಂಕಿಗೆ ಗೇಜ್ ಇದೆಯಲ್ಲ ಸರ್, ಮತ್ತೆ ಫ್ಲೋ ಮೀಟರ್ ಯಾಕೆ?

ಹಳೇ ವಿಮಾನಗಳಲ್ಲಿ ಟ್ಯಾಂಕ್ ಗೇಜ್ ಅಂದ್ರೆ ಒಳಗೆ ತೇಲೋ ಒಂದು ಫ್ಲೋಟು, ಅದಕ್ಕೊಂದು ಕಡ್ಡಿ, ಕಡ್ಡಿ ತುದೀಲಿ ರೆಸಿಸ್ಟರ್. ರೆಕ್ಕೆ ಓರೆಯಾದ್ರೆ ಮುಳ್ಳು ಓಡುತ್ತೆ, ಗಾಳಿ ಕುಲುಕಿದ್ರೆ ಮುಳ್ಳು ಕುಣಿಯುತ್ತೆ, ಅರ್ಧ ಟ್ಯಾಂಕು ಅಂತ ತೋರಿಸಿದಾಗ ಅದು ಮೂವತ್ತು ಪರ್ಸೆಂಟೋ ಅರವತ್ತು ಪರ್ಸೆಂಟೋ ಹೇಳೋಕಾಗಲ್ಲ. ಮಟ್ಟಸವಾಗಿ ಹಾರ್ತಾ ಇರುವಾಗ ಬಳಸೋಕಾಗೋ ಪೆಟ್ರೋಲ್ ಮುಗಿದ ಕ್ಷಣಕ್ಕೆ ಗೇಜ್ ಸೊನ್ನೆ ತೋರಿಸಬೇಕು ಅಂತ ಅಮೆರಿಕದ ನಿಯಮದಲ್ಲಿದೆ. ಇದನ್ನೇ ಹಿಡ್ಕೊಂಡು "ಗೇಜ್ ಖಾಲಿ ಆದಾಗ ಮಾತ್ರ ಸರಿ ಇದ್ರೆ ಸಾಕು" ಅಂತ ಸುಮಾರು ಜನ ಹೇಳ್ತಾರೆ, ಅದು ತಪ್ಪು ಅರ್ಥ. ಪ್ರತಿ ಟ್ಯಾಂಕಲ್ಲಿ ಎಷ್ಟಿದೆ ಅಂತ ಹಾರುವಾಗ ತೋರಿಸೋ ಗೇಜ್ ಇರಲೇಬೇಕು ಅನ್ನೋದೂ ನಿಯಮಾನೇ.

ಫ್ಲೋ ಮೀಟರ್ ಬೇರೆ ಕಡೆಯಿಂದ ಲೆಕ್ಕ ಹಾಕುತ್ತೆ. ಇಂಜಿನ್ನಿಗೆ ಈ ಕ್ಷಣ ಎಷ್ಟು ಹೋಗ್ತಿದೆ, ಹೊರಟಾಗಿಂದ ಒಟ್ಟು ಎಷ್ಟು ಹೋಯ್ತು, ಇವೆರಡು ಅದಕ್ಕೆ ಗೊತ್ತು. ಟ್ಯಾಂಕಲ್ಲಿ ಏನಿದೆ ಅಂತ ಅದಕ್ಕೆ ಗೊತ್ತೇ ಇಲ್ಲ, ನೀವು ಹೊರಡುವಾಗ ಹೇಳಿದ ಅಂಕಿಯಿಂದ ಕಳೀತಾ ಬರುತ್ತೆ ಅಷ್ಟೆ. ಈ ಒಂದು ಮಾತು ತಲೇಲಿ ಕೂತ್ರೆ ಮುಂದಿನದೆಲ್ಲ ಸುಲಭ.

ಇದಕ್ಕೆ ಇಷ್ಟೊಂದು ತಲೆ ಕೆಡಿಸ್ಕೊಬೇಕಾ ಅಂದ್ರೆ, ಹೌದು. ಅಮೆರಿಕದ ಅಪಘಾತ ತನಿಖಾ ಸಂಸ್ಥೆ ಎನ್‌ಟಿಎಸ್‌ಬಿ 2017ರಲ್ಲಿ ಒಂದು ಎಚ್ಚರಿಕೆ ಹೊರಡಿಸ್ತು. 2011ರಿಂದ 2015ರವರೆಗೆ ಇಂಧನದ ನಿರ್ವಹಣೆ ತಪ್ಪಿ ವರ್ಷಕ್ಕೆ ಸರಾಸರಿ 50ಕ್ಕಿಂತ ಜಾಸ್ತಿ ಅಪಘಾತ ಆಗಿದಾವೆ, ಅದರಲ್ಲಿ 56 ಪರ್ಸೆಂಟು ಪೆಟ್ರೋಲ್ ಪೂರ್ತಿ ಖಾಲಿಯಾಗಿ, 35 ಪರ್ಸೆಂಟು ಟ್ಯಾಂಕಲ್ಲಿ ಇದ್ರೂ ಇಂಜಿನ್ನಿಗೆ ಸಿಗದೇ. ಸಾಧನ ಕೆಟ್ಟು ಆಗಿದ್ದು 5 ಪರ್ಸೆಂಟಿಗಿಂತ ಕಮ್ಮಿ, ಉಳಿದಿದ್ದೆಲ್ಲ ಸೀಟಲ್ಲಿ ಕೂತ ಮನುಷ್ಯನ ಲೆಕ್ಕ. ಆ ಅಂಕಿ ಓದಿದ ದಿನ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ, ಯಾಕಂದ್ರೆ ಅಲ್ಲೀವರೆಗೆ ನಾನೂ "ಗಂಟೆಗೆ ಹತ್ತು ಗ್ಯಾಲನ್" ಅಂತ ಅಂದಾಜಲ್ಲೇ ಹಾರ್ತಿದ್ದೋನು.

ಸೆನ್ಸರ್ ಒಳಗೆ ಏನಿರುತ್ತೆ?

ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡ ಲೋಹದ ಡಬ್ಬಿ. ಪೆಟ್ರೋಲ್ ಒಂದು ಕಡೆಯಿಂದ ಒಳಗೆ ಬಂದು ಸುತ್ತಿಕೊಂಡು ಹೋಗುತ್ತೆ, ಆ ಸುಳೀಲಿ ತುಂಬಾ ಹಗುರವಾದ ಒಂದು ಪುಟ್ಟ ಚಕ್ರ ತಿರುಗುತ್ತೆ. ವಾಚಲ್ಲಿ ಇರೋ ಥರ ಕಲ್ಲಿನ ಬೇರಿಂಗು. ಚಕ್ರದ ಒಂದು ಪಕ್ಕ ಎಲ್‌ಇಡಿ, ಇನ್ನೊಂದು ಪಕ್ಕ ಬೆಳಕು ಹಿಡಿಯೋ ಟ್ರಾನ್ಸಿಸ್ಟರ್, ಚಕ್ರ ಬೆಳಕಿಗೆ ಅಡ್ಡ ಬಂದಾಗೆಲ್ಲ ಒಂದು ಪಲ್ಸ್. ನಮ್ಮದು ಫ್ಲೋಸ್ಕ್ಯಾನ್ 201 ಜಾತಿಯದು, ಗ್ಯಾಲನ್ನಿಗೆ ಹತ್ತಿರ ಹತ್ತಿರ 29,000 ಪಲ್ಸ್ ಕೊಡುತ್ತೆ. ಎಲೆಕ್ಟ್ರಾನಿಕ್ಸ್ ಇಂಟರ್‌ನ್ಯಾಷನಲ್ ಕಂಪನಿಯ ಕೆಂಪು ಡಬ್ಬಿ ಎಫ್‌ಟಿ-60, ಎಲ್ಲರೂ ರೆಡ್ ಕ್ಯೂಬ್ ಅಂತಾರಲ್ಲ, ಅದು ಸುಮಾರು 68,000. ಗಂಟೆಗೆ 10 ಗ್ಯಾಲನ್ ಹೋಗ್ತಿದ್ರೆ ನಮ್ಮ ಸೆನ್ಸರಿಂದ ಸೆಕೆಂಡಿಗೆ 80 ಪಲ್ಸ್ ಬರ್ತಿರುತ್ತೆ. ಡಿಸ್‌ಪ್ಲೇ ಮಾಡೋ ಕೆಲಸ ಎಣಿಸೋದು, ಭಾಗಿಸೋದು, ಅಷ್ಟೆ. ಬೆಂಗಳೂರಿನ ಮನೆ ಮುಂದೆ ಇರೋ ನೀರಿನ ಮೀಟರ್ ನೋಡಿದೀರಲ್ಲ, ಅದರ ತಮ್ಮ ಅಂತ ಅಂದ್ಕೊಳ್ಳಿ.

ನಮ್ಮ ವಿಮಾನದಲ್ಲಿ ಫ್ಯಾಕ್ಟರಿಯಿಂದಲೇ ಫ್ಯೂಯೆಲ್ ಫ್ಲೋ ಅಂತ ಬರೆದಿರೋ ಗೇಜ್ ಇದೆ, ಅದು ಸಾಲದಾ?

ಹಳೇ ಫ್ಯೂಯೆಲ್ ಇಂಜೆಕ್ಷನ್ ವಿಮಾನ ಆದ್ರೆ ಆ ಗೇಜಿನ ಹಿಂದೆ ಹೋಗಿ ನೋಡಿ. ಬಹಳಷ್ಟು ಕಡೆ ಅದು ಫ್ಲೋ ಅಳೆಯೋದೇ ಇಲ್ಲ, ಪ್ರೆಶರ್ ಅಳೆಯುತ್ತೆ. ಸಿಲಿಂಡರ್‌ಗಳಿಗೆ ಪೆಟ್ರೋಲ್ ಹಂಚೋ ಡಿವೈಡರ್, ನಾವು ಸ್ಪೈಡರ್ ಅಂತೀವಿ, ಅಲ್ಲಿಂದ ಒಂದು ಸಣ್ಣ ಪೈಪ್ ಎಳೆದು ಪ್ರೆಶರ್ ಗೇಜಿಗೆ ಕೊಟ್ಟು, ಮುಖದ ಮೇಲೆ ಗಂಟೆಗೆ ಇಷ್ಟು ಗ್ಯಾಲನ್ ಅಂತ ಬರೆದಿರ್ತಾರೆ. ಎಲ್ಲ ನಾಝಲ್ ಶುದ್ಧವಾಗಿದ್ರೆ ಲೆಕ್ಕ ಸುಮಾರಾಗಿ ತಾಳೆಯಾಗುತ್ತೆ. ಒಂದು ನಾಝಲ್‌ಗೆ ಕಸ ಕೂತ್ರೆ ಏನಾಗುತ್ತೆ ಹೇಳಿ? ಆ ಸಿಲಿಂಡರಿಗೆ ಪೆಟ್ರೋಲ್ ಕಮ್ಮಿ ಹೋಗ್ತಿರುತ್ತೆ, ಆದ್ರೆ ಹಿಂದೆ ಒತ್ತಡ ಏರಿ ಗೇಜ್ "ಜಾಸ್ತಿ ಹೋಗ್ತಿದೆ" ಅಂತ ತೋರಿಸುತ್ತೆ. ಪೂರ್ತಿ ಉಲ್ಟಾ. ತಿರುಗೋ ಚಕ್ರದ ಸೆನ್ಸರ್ ಇದ್ರೆ ಅದು ಇಳಿದಿದ್ದು ಇಳಿದ ಹಾಗೇ ತೋರಿಸುತ್ತೆ. ಎರಡೂ ಇಟ್ಕೊಂಡ್ರೆ ಇನ್ನೂ ಒಳ್ಳೇದು, ಒಂದು ಏರಿ ಇನ್ನೊಂದು ಇಳಿದ್ರೆ ನಾಝಲ್ ಕಟ್ಟಿದೆ ಅಂತ ನೆಲಕ್ಕೆ ಇಳಿಯೋ ಮುಂಚೇನೇ ಗೊತ್ತಾಗುತ್ತೆ.

ಸೆನ್ಸರ್ ಎಲ್ಲಿ ಕೂರಿಸಬೇಕು?

ಇಂಜಿನ್ ಸುಟ್ಟು ಮುಗಿಸೋ ಪೆಟ್ರೋಲ್ ಮಾತ್ರ ಹಾದು ಹೋಗೋ ಜಾಗದಲ್ಲಿ. ಆ ಜಾಗ ಯಾವುದು ಅನ್ನೋದು ಇಂಜಿನ್ನಿಂದ ಇಂಜಿನ್ನಿಗೆ ಬೇರೆ.

ನಮ್ಮ ಥರ ಲೈಕಾಮಿಂಗ್ ಇಂಜಿನ್, ಬೆಂಡಿಕ್ಸ್ ಸರ್ವೊ (ಗಾಳಿಗೆ ತಕ್ಕ ಹಾಗೆ ಪೆಟ್ರೋಲ್ ಅಳೆದು ಬಿಡೋ ಭಾಗ) ಇರೋದಕ್ಕೆ ಸರ್ವೊಗೂ ಸ್ಪೈಡರ್‌ಗೂ ನಡುವೆ ಹಾಕಬಹುದು, ಇಲ್ಲಾ ಇಂಜಿನ್ ಪಂಪಿಗೂ ಸರ್ವೊಗೂ ನಡುವೆ. ಪಂಪಿಂದ ಸರ್ವೊಗೆ ಹೋಗಿದ್ದು ವಾಪಸ್ ಟ್ಯಾಂಕಿಗೆ ಬರಲ್ಲ, ಹಂಗಾಗಿ ಎರಡೂ ಕಡೆ ಲೆಕ್ಕ ಒಂದೇ. ಕಾಂಟಿನೆಂಟಲ್ ಇಂಜೆಕ್ಷನ್ ಇಂಜಿನ್ ಹಂಗಲ್ಲ. ಅದರ ಪಂಪು ಬೇಕಾದ್ದಕ್ಕಿಂತ ಜಾಸ್ತಿ ಎಳೆದು, ಆವಿ ಜೊತೆ ಹೆಚ್ಚಾಗಿದ್ದನ್ನ ಟ್ಯಾಂಕಿಗೆ ವಾಪಸ್ ಕಳಿಸುತ್ತೆ. ಅಲ್ಲಿ ಪಂಪಿಗೆ ಮೊದಲು ಸೆನ್ಸರ್ ಇಟ್ರೆ ವಾಪಸ್ ಹೋಗೋದನ್ನೂ ಎಣಿಸಿ ಸುಳ್ಳು ಲೆಕ್ಕ ಕೊಡುತ್ತೆ, ಆದ್ದರಿಂದ ಪೆಟ್ರೋಲ್ ಅಳೆದು ಬಿಡೋ ಮೀಟರಿಂಗ್ ಯೂನಿಟ್ ದಾಟಿದ ಮೇಲೆ, ಸಿಲಿಂಡರ್‌ಗಳಿಗೆ ಹಂಚೋ ಮ್ಯಾನಿಫೋಲ್ಡ್ ವಾಲ್ವಿಗೆ ಮೊದಲು ಇಡಬೇಕು.

ಕಾರ್ಬೊರೇಟರ್ ಇಂಜಿನ್ನಲ್ಲಿ ಪಂಪ್ ಇದ್ರೆ ಪಂಪಿಗೂ ಕಾರ್ಬೊರೇಟರಿಗೂ ನಡುವೆ. ಹಳೇ ಸೆಸ್ನಾ 172ರ ಥರ ಮೇಲಿನ ರೆಕ್ಕೆಯಿಂದ ಬರೀ ಗುರುತ್ವಾಕರ್ಷಣೇಲಿ ಇಳಿದು ಬರೋದಾದ್ರೆ ಇನ್ನೊಂದು ಎಚ್ಚರಿಕೆ ಬೇಕು. ಪೈಪಲ್ಲಿ ಏನೇ ಅಡ್ಡ ಇಟ್ರೂ ಹರಿವು ಸ್ವಲ್ಪ ಕುಗ್ಗುತ್ತೆ. ಗ್ರಾವಿಟಿ ಸಿಸ್ಟಮ್ ಟೇಕಾಫ್ ಸಮಯದ ಬಳಕೆಯ 150 ಪರ್ಸೆಂಟ್ ಹರಿಸೋ ಹಾಗಿರಬೇಕು, ಪಂಪ್ ಸಿಸ್ಟಮ್ ಆದ್ರೆ 125 ಪರ್ಸೆಂಟ್, ಚಿಕ್ಕ ವಿಮಾನಗಳಿಗೆ 2017ರ ಮುಂಚೆ ಇದ್ದ ಅಮೆರಿಕದ ಸರ್ಟಿಫಿಕೇಶನ್ ನಿಯಮದಲ್ಲಿ ಹಂಗಿತ್ತು. ಮನೇಲಿ ಕಟ್ಟಿದ ಎಕ್ಸ್‌ಪೆರಿಮೆಂಟಲ್ ವಿಮಾನ ಆದ್ರೂ ಈ ಪರೀಕ್ಷೆ ಮಾಡದೇ ಹಾರಬೇಡಿ. ಮೂಗು ಎತ್ತಿ ನಿಲ್ಲಿಸಿ, ಕಾರ್ಬೊರೇಟರ್ ಕಡೆ ಪೈಪ್ ಬಿಚ್ಚಿ, ಅಳತೆ ಕ್ಯಾನಿಗೆ ಹರಿಸಿ, ಗಡಿಯಾರ ಹಿಡಿದು ನೋಡಿ. ಅರ್ಧ ದಿನದ ಕೆಲಸ.

ನಮ್ಮದು ರೋಟ್ಯಾಕ್ಸ್ ಇಂಜಿನ್, ಅದರಲ್ಲಿ ರಿಟರ್ನ್ ಲೈನ್ ಇದೆ. ಏನ್ ಮಾಡೋದು?

ಕಷ್ಟದ ಪ್ರಶ್ನೆ ಇದೇ. ರೋಟ್ಯಾಕ್ಸ್ 912ರಲ್ಲಿ ಆವಿ ಕಟ್ಟಬಾರದು ಅಂತ ಸಣ್ಣ ತೂತಿನ ಮೂಲಕ ಒಂದಿಷ್ಟು ಪೆಟ್ರೋಲ್ ಟ್ಯಾಂಕಿಗೆ ವಾಪಸ್ ಹೋಗ್ತಾನೇ ಇರುತ್ತೆ. ರಿಟರ್ನ್ ಕವಲೊಡೆಯೋ ಮೊದಲೇ ಸೆನ್ಸರ್ ಇದ್ರೆ ಬಳಕೆ ಜಾಸ್ತಿ ತೋರಿಸುತ್ತೆ. ಕವಲು ದಾಟಿದ ಮೇಲೆ ಸೆನ್ಸರ್ ಇಡೋಕೆ ಜಾಗ ಸಿಕ್ರೆ ಅದೇ ಚೆಂದ. ಇಲ್ಲಾಂದ್ರೆ ಎರಡು ಸೆನ್ಸರ್, ಹೋಗೋದಕ್ಕೊಂದು ಬರೋದಕ್ಕೊಂದು, ಒಂದರಿಂದ ಇನ್ನೊಂದನ್ನ ಕಳೆಯೋದು.

ಕೇಳೋಕೆ ಸರಳವಾಗಿದೆ, ಆದ್ರೆ ಕಳೆಯೋ ಲೆಕ್ಕದಲ್ಲಿ ಒಂದು ಗುಂಡಿ ಇದೆ. ಉದಾಹರಣೆಗೆ ಗಂಟೆಗೆ 100 ಲೀಟರ್ ಹೋಗಿ 82 ಲೀಟರ್ ವಾಪಸ್ ಬರುತ್ತೆ ಅಂದ್ಕೊಳ್ಳಿ, ಸುಟ್ಟಿದ್ದು 18. ಹೋಗೋ ಸೆನ್ಸರ್ 1 ಪರ್ಸೆಂಟ್ ಜಾಸ್ತಿ ಹೇಳಿ 101 ಅಂತು, ಬರೋ ಸೆನ್ಸರ್ 1 ಪರ್ಸೆಂಟ್ ಕಮ್ಮಿ ಹೇಳಿ 81.2 ಅಂತು. ನಿಮ್ಮ ಡಿಸ್‌ಪ್ಲೇಲಿ 19.8 ಬಂತು. ಎರಡೂ ಸೆನ್ಸರ್ ಒಂದೊಂದು ಪರ್ಸೆಂಟ್ ಮಾತ್ರ ತಪ್ಪು, ಉತ್ತರ 10 ಪರ್ಸೆಂಟ್ ತಪ್ಪು! ರಿಟರ್ನ್ ಹರಿವು ದೊಡ್ಡದಾದಷ್ಟೂ ಈ ಪೇಚು ದೊಡ್ಡದು. ಹಂಗಾಗಿ ಎರಡು ಸೆನ್ಸರ್ ಹಾಕಿದ್ರೆ ಮೊದಲು ಎರಡನ್ನೂ ಒಂದರ ಹಿಂದೆ ಒಂದು ಜೋಡಿಸಿ, ಅದೇ ಪೆಟ್ರೋಲನ್ನ ಎರಡರಲ್ಲೂ ಹರಿಸಿ, ಒಂದಕ್ಕೊಂದು ತಾಳೆ ಮಾಡ್ಕೊಂಡು ಆಮೇಲೆ ವಿಮಾನಕ್ಕೆ ಹಾಕಿ.

ಅದೇ ರೋಟ್ಯಾಕ್ಸಿನ ಫ್ಯೂಯೆಲ್ ಇಂಜೆಕ್ಷನ್ ಮಾದರಿ 912ಐಎಸ್ ಆದ್ರೆ ಈ ತಲೆನೋವು ಇಲ್ಲ. ಇಂಜೆಕ್ಟರ್ ಎಷ್ಟೆಷ್ಟು ಹೊತ್ತು ತೆರೀತು ಅನ್ನೋದು ಇಂಜಿನ್ ಕಂಪ್ಯೂಟರಿಗೇ ಗೊತ್ತಿರೋದ್ರಿಂದ ಅದೇ ಲೆಕ್ಕ ಹಾಕಿ ಫ್ಲೋ ಕೊಡುತ್ತೆ. ಆದ್ರೂ ಅದನ್ನ ಬಂಕಿನ ರಸೀದಿ ಜೊತೆ ಒಂದ್ಸಲ ತಾಳೆ ನೋಡೋದು ಬಿಡಬೇಡಿ.

ಕೂರಿಸುವಾಗ ಏನೇನು ತಪ್ಪಾಗುತ್ತೆ?

ನಮ್ಮ ಕಥೇನೇ ಹೇಳ್ತೀನಿ. ಮೊದಲ ಸಲ ಒಂದು ಶಾಪಲ್ಲಿ ಹಾಕಿಸಿದ್ವಿ. ಮೇಲಿಂದ ನೋಡೋಕೆ ಕೆಲಸ ಅಚ್ಚುಕಟ್ಟು. ಹಾರಿದ್ರೆ, ಕ್ರೂಸಲ್ಲಿ (ಒಂದೇ ಎತ್ತರ, ಒಂದೇ ವೇಗದಲ್ಲಿ) ಥ್ರಾಟಲ್ಲು, ಗಾಳಿ-ಪೆಟ್ರೋಲ್ ಹದ ಮಾಡೋ ಮಿಕ್ಸ್ಚರ್ರು ಏನೂ ಮುಟ್ಟದೇ ಕೂತಿದ್ರೂ ಅಂಕಿ 9.4, 10.1, 9.6, 10.3 ಅಂತ ಓಲಾಡ್ತಾನೇ ಇತ್ತು. ಕೌಲಿಂಗ್ (ಇಂಜಿನ್ ಮುಚ್ಚಳ) ಬಿಚ್ಚಿ ಟಾರ್ಚ್ ಹಿಡಿದು ನೋಡಿದ್ರೆ, ಸೆನ್ಸರ್ ಒಳಗೆ ಹೋಗೋ ಬಾಯಿಗೇ ನೇರವಾಗಿ ಒಂದು 90 ಡಿಗ್ರಿ ಎಲ್ಬೋ ಹಾಕಿದ್ರು, ಮೇಲಕ್ಕೆ ಮುಖ ಮಾಡಿರಬೇಕಾದ ಮೂರು ವೈರು ಪಕ್ಕಕ್ಕೆ ಮಲಗಿದ್ವು. ಎಲ್ಬೋ ತಿರುವಲ್ಲಿ ಪೆಟ್ರೋಲ್ ಸುಳಿ ಸುತ್ತಿ ಚಕ್ರಕ್ಕೆ ಸಮನಾಗಿ ಹೊಡೆಯಲ್ಲ, ಡಬ್ಬಿ ಓರೆಯಾದ್ರೆ ಗುಳ್ಳೆ ಒಳಗೇ ಸಿಕ್ಕಿಕೊಳ್ಳುತ್ತೆ. ಬೇರೆ ಮೆಕ್ಯಾನಿಕ್ ಹತ್ರ ಮತ್ತೆ ಮಾಡಿಸಿದ್ವಿ, ಒಳಗೂ ಹೊರಗೂ ಒಂದಷ್ಟು ಇಂಚು ನೇರ ಪೈಪು, ವೈರು ಮೇಲೆ, ಹೊರಗೆ ಹೋಗೋ ಪೈಪು ಇಳಿಜಾರಿಲ್ಲದ ಹಾಗೆ ಸ್ವಲ್ಪ ಏರು. ಮುಂದಿನ ಹಾರಾಟದಲ್ಲಿ ಅಂಕಿ 9.8ರಲ್ಲಿ ಕೂತಿದ್ದು ಅಲ್ಲಾಡಲಿಲ್ಲ.

ಗುಳ್ಳೆ ಯಾಕೆ ಇಷ್ಟು ಕೆಟ್ಟದ್ದು ಅಂದ್ರೆ, ಬೆಂಗಳೂರಲ್ಲಿ ಎರಡು ದಿನ ಬಿಟ್ಟು ಕಾವೇರಿ ನೀರು ಬಂದಾಗ ನೀರಿಗಿಂತ ಮೊದಲು ಪೈಪಲ್ಲಿದ್ದ ಗಾಳಿ ಬುಸ್ಸಂತ ಬಂದು ಮೀಟರನ್ನ ಗಿರಗಿರ ತಿರುಗಿಸುತ್ತಲ್ಲ, ಇಲ್ಲೂ ಹಂಗೇ. ಬಿಸಿ ಇಂಜಿನ್ ಮತ್ತೆ ಸ್ಟಾರ್ಟ್ ಮಾಡಿದಾಗ ಒಂದೆರಡು ನಿಮಿಷ ಅಂಕಿ ಹುಚ್ಚುಹುಚ್ಚಾಗಿ ಬರೋದು ಇದರಿಂದ್ಲೇ, ಅದಕ್ಕೆ ಗಾಬರಿ ಬೇಡ.

ಇನ್ನೆರಡು ಮಾತು, ಇವನ್ನ ದಯವಿಟ್ಟು ನೆನಪಲ್ಲಿಡಿ. ಫಿಟ್ಟಿಂಗಿಗೆ ಟೆಫ್ಲಾನ್ ಟೇಪ್ ಸುತ್ತಲೇಬಾರದು, ಅದರ ಎಳೆ ಕಿತ್ತು ಬಂದು ಚಕ್ರಕ್ಕೆ ಸುತ್ತಿಕೊಳ್ಳುತ್ತೆ, ಇನ್ನೂ ಮುಂದೆ ಹೋದ್ರೆ ನಾಝಲ್ ಕಟ್ಟುತ್ತೆ. ಹಾಗೇ ಸೆನ್ಸರ್ ಕ್ಲೀನ್ ಮಾಡ್ತೀನಿ ಅಂತ ಕಂಪ್ರೆಸರ್ ಗಾಳಿ ಊದಬಾರದು. ಪೆಟ್ರೋಲಿನ ವೇಗಕ್ಕೆ ಅಂತ ಮಾಡಿದ ಬೇರಿಂಗು ಗಾಳಿಯ ವೇಗಕ್ಕೆ ತಿರುಗಿ ಒಂದೇ ಕ್ಷಣದಲ್ಲಿ ಹಾಳಾಗುತ್ತೆ, ಹೊರಗಿಂದ ನೋಡಿದ್ರೆ ಏನೂ ಗೊತ್ತಾಗಲ್ಲ, ಲೆಕ್ಕ ಮಾತ್ರ ಅವತ್ತಿಂದ ಕೆಟ್ಟಿರುತ್ತೆ. ಬಾಯಿಂದ ಊದಿ ಚಕ್ರ ತಿರುಗುತ್ತಾ ನೋಡೋರೂ ಇದಾರೆ, ಅದೂ ಬೇಡ.

ಕೆ-ಫ್ಯಾಕ್ಟರ್ ಅಂದ್ರೇನು, ಹೇಗೆ ಸರಿ ಮಾಡೋದು?

ಗ್ಯಾಲನ್ನಿಗೆ ಎಷ್ಟು ಪಲ್ಸ್ ಅನ್ನೋ ಅಂಕಿ. ಸೆನ್ಸರ್ ಜೊತೆ ಒಂದು ಚೀಟೀಲಿ ಬರ್ತದೆ, ಅದು ಫ್ಯಾಕ್ಟರಿ ಬೆಂಚಿನ ಮೇಲೆ ಅಳೆದಿದ್ದು. ನಿಮ್ಮ ಪೈಪು, ನಿಮ್ಮ ತಿರುವು, ನಿಮ್ಮ ಇಂಜಿನ್ನಿನ ನಡುಕ ಅದಕ್ಕೆ ಗೊತ್ತಿಲ್ಲ. ಅದಕ್ಕೇ ಶುರುವಲ್ಲಿ ಮೂರ್ನಾಕು ಪರ್ಸೆಂಟ್ ಆಚೀಚೆ ಬಂದ್ರೆ ಸೆನ್ಸರ್ ಕೆಟ್ಟಿದೆ ಅಂತ ವಾಪಸ್ ಕಳಿಸಬೇಡಿ.

ವಿಧಾನ ಸರಳ, ತಾಳ್ಮೆ ಬೇಕು. ಟ್ಯಾಂಕ್ ಒಂದು ಗುರುತಿಗೆ ತುಂಬಿಸಿ, ಹಾರಿ, ಮತ್ತೆ ಅದೇ ಗುರುತಿಗೆ ತುಂಬಿಸಿ. ಬಂಕಲ್ಲಿ ಹಾಕಿದ್ದು ಎಷ್ಟು, ಮೀಟರ್ ಹೇಳಿದ್ದು ಎಷ್ಟು, ಎರಡೂ ಬರೆದಿಡಿ. ಹೊಸ ಕೆ-ಫ್ಯಾಕ್ಟರ್ ಅಂದ್ರೆ ಹಳೇದನ್ನ ಮೀಟರ್ ಹೇಳಿದ ಅಂಕಿಯಿಂದ ಗುಣಿಸಿ, ಬಂಕಿನ ಅಂಕಿಯಿಂದ ಭಾಗಿಸೋದು. ಮೀಟರ್ ಕಮ್ಮಿ ಹೇಳ್ತಿದ್ರೆ ಕೆ-ಫ್ಯಾಕ್ಟರ್ ಇಳಿಯುತ್ತೆ. ಸುಮಾರು ಜನ ಇಲ್ಲಿ ಉಲ್ಟಾ ಮಾಡಿ, ತಪ್ಪನ್ನ ಡಬಲ್ ಮಾಡ್ಕೊಂಡು ಕೂತಿರ್ತಾರೆ.

ಎಡವೋದು ಎಲ್ಲಿ ಅಂದ್ರೆ ಒಂದೇ ಸಲ ತುಂಬಿಸಿ ಅವತ್ತೇ ಕೆ-ಫ್ಯಾಕ್ಟರ್ ಬದಲಾಯಿಸೋದು. ನಮ್ಮ ನೋಟ್‌ಬುಕ್ಕಿನ ಐದು ಸಾಲು ಹಂಗೇ ಕೊಡ್ತೀನಿ. ಬಂಕ್ 31.4, ಮೀಟರ್ 30.1. ಬಂಕ್ 42.8, ಮೀಟರ್ 41.3. ಬಂಕ್ 27.6, ಮೀಟರ್ 26.4. ಬಂಕ್ 38.9, ಮೀಟರ್ 37.5. ಬಂಕ್ 35.3, ಮೀಟರ್ 33.9. ಒಟ್ಟು ಬಂಕ್ 176.0, ಮೀಟರ್ 169.2. ಹಳೇ ಕೆ-ಫ್ಯಾಕ್ಟರ್ 29.00 ಅಂತಿತ್ತು, ನಮ್ಮ ಜೆಪಿಐ ಕಂಪನಿ ಡಿಸ್‌ಪ್ಲೇಲಿ ಸಾವಿರದ ಲೆಕ್ಕದಲ್ಲಿ ಹಾಕ್ತಾರೆ. ಹೊಸದು 27.88. ಮೂರನೇ ಸಲದ್ದನ್ನ ಮಾತ್ರ ನೋಡಿದ್ರೆ 27.74 ಬರ್ತಿತ್ತು, ಎರಡನೇದನ್ನ ಮಾತ್ರ ನೋಡಿದ್ರೆ 27.98. ಅಂದ್ರೆ ಒಂದು ಸಲದ ತುಂಬಿಸೋದರಲ್ಲೇ ಹತ್ತಿರ ಹತ್ತಿರ 1 ಪರ್ಸೆಂಟ್ ಆಟ ಇದೆ, ಒಟ್ಟು ಮಾಡಿದಾಗ ಅದು ಒಂದಕ್ಕೊಂದು ವಜಾ ಆಗಿ ಹೋಗುತ್ತೆ. ಐದು ಸಲ ಆದ್ರೂ ಕಾಯಿರಿ, 150 ಗ್ಯಾಲನ್ ದಾಟಿದ ಮೇಲೆ ಬದಲಾಯಿಸಿ.

ಆ ಸುಮಾರು 4 ಪರ್ಸೆಂಟ್ ತಪ್ಪು ಏನು ಮಹಾ ಅನ್ನೋರಿಗೆ: 64 ಗ್ಯಾಲನ್ನಲ್ಲಿ ಅದು ಎರಡೂವರೆ ಗ್ಯಾಲನ್, ಗಂಟೆಗೆ 10ರ ಲೆಕ್ಕದಲ್ಲಿ 15 ನಿಮಿಷ. ಇಲ್ಲಿ ಹಗಲು ವಿಎಫ್‌ಆರ್ (ಕಣ್ಣಿಂದ ಹೊರಗೆ ನೋಡ್ಕೊಂಡು ಹಾರೋ) ಹಾರಾಟಕ್ಕೆ ಇಟ್ಕೊಬೇಕಾದ ರಿಸರ್ವ್ 30 ನಿಮಿಷ, ಅದರಲ್ಲಿ ಅರ್ಧ ನಿಮಗೇ ಗೊತ್ತಿಲ್ಲದೆ ಕರಗಿ ಹೋಗಿರುತ್ತೆ.

ಅದೇ ಗುರುತಿಗೆ ತುಂಬಿಸೋದು ಅಂದ್ರೆ ಹೇಗೆ?

ಅದೇ ಬಂಕು, ಅದೇ ಜಾಗ, ಮೂಗು ಅದೇ ದಿಕ್ಕಿಗೆ. ಏಪ್ರನ್ (ವಿಮಾನ ನಿಲ್ಲಿಸೋ ಜಾಗ) ಕಣ್ಣಿಗೆ ಸಪಾಟಾಗಿ ಕಂಡ್ರೂ ನೀರು ಹರಿಯೋಕೆ ಅಂತ ಇಳಿಜಾರು ಕೊಟ್ಟಿರ್ತಾರೆ, ಒಂದು ರೆಕ್ಕೆ ಸ್ವಲ್ಪ ಕೆಳಗಿದ್ರೂ ತುಂಬೋ ಲೆಕ್ಕದಲ್ಲಿ ವ್ಯತ್ಯಾಸ ಬರುತ್ತೆ. ನೋಸ್ ವೀಲಿನ ಗಾಳಿ, ಟೈರಿನ ಗಾಳಿ ಸರಿ ಇರಲಿ. ತುಂಬಿಸಿದ ಮೇಲೆ ಎರಡು ನಿಮಿಷ ನಿಲ್ಲಿ, ಒಳಗಿನ ರಿಬ್‌ಗಳ ತೂತುಗಳಿಂದ ಪೆಟ್ರೋಲ್ ನಿಧಾನ ಹರಡಿ ಮಟ್ಟ ಇಳಿಯುತ್ತೆ, ಮತ್ತೆ ತುಂಬಿಸಿ.

ಎಲೆಕ್ಟ್ರಿಕ್ ಪಂಪ್ ಹಾಕಿದ ತಕ್ಷಣ ಫ್ಲೋ ಏರುತ್ತೆ, ಇಂಜಿನ್ ಜಾಸ್ತಿ ಕುಡೀತಿದೆಯಾ?

ಸಾಮಾನ್ಯವಾಗಿ ಇಲ್ಲ. ಟಕಟಕ ಅನ್ನೋ ಪಂಪುಗಳು ಪೆಟ್ರೋಲನ್ನ ಹಿಂದಕ್ಕೂ ಮುಂದಕ್ಕೂ ತಳ್ಳಾಡ್ತವೆ, ಚಕ್ರ ಆ ಅಲೆಗೂ ತಿರುಗಿ ಎಣಿಸುತ್ತೆ. ಕಾರ್ಬೊರೇಟರ್ ವಿಮಾನಗಳಲ್ಲಿ ಇದು ಜಾಸ್ತಿ. ಪಂಪಿಗೂ ಸೆನ್ಸರಿಗೂ ದೂರ ಹೆಚ್ಚಿಸಿದ್ರೆ, ನಡುವೆ ರಬ್ಬರ್ ಹೋಸ್ ಇದ್ರೆ, ಇಂಜಿನ್ ಪಂಪ್ ದಾಟಿದ ಮೇಲೆ ಸೆನ್ಸರ್ ಇದ್ರೆ ಕಮ್ಮಿಯಾಗುತ್ತೆ. ಕೆ-ಫ್ಯಾಕ್ಟರ್ ಲೆಕ್ಕ ಮಾಡೋ ಹಾರಾಟಗಳಲ್ಲಿ ಪಂಪ್ ಆನ್ ಇಡೋ ಸಮಯ ಪ್ರತಿಸಲ ಹೆಚ್ಚುಕಮ್ಮಿ ಒಂದೇ ಇರಲಿ.

ಇಂಜಿನ್ ಆಫ್ ಇದ್ರೂ ಅಂಕಿ ತೋರಿಸುತ್ತೆ!

ವೈರಿಂಗ್. ಸಿಗ್ನಲ್ ವೈರನ್ನ ಸ್ಟ್ರೋಬ್ ಲೈಟಿನದೋ ಮ್ಯಾಗ್ನೆಟೊದೋ ವೈರ್ ಜೊತೆ ಕಟ್ಟಿರ್ತಾರೆ. ಬೇರೆ ದಾರೀಲಿ ಎಳೆಸಿ, ಗ್ರೌಂಡ್ ಚೆಕ್ ಮಾಡ್ಸಿ.

ಬೇಸಿಗೇಲಿ ಲೆಕ್ಕ ಬದಲಾಗುತ್ತಾ?

ಆಗುತ್ತೆ. ಸೆನ್ಸರ್ ಅಳೆಯೋದು ಗಾತ್ರ, ಇಂಜಿನ್ನಿಗೆ ಬೇಕಾಗಿರೋದು ತೂಕ. ಪೆಟ್ರೋಲ್ ಒಂದು ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು 0.1 ಪರ್ಸೆಂಟ್ ಹಿಗ್ಗುತ್ತೆ. ನೆಲದೊಳಗಿನ ಟ್ಯಾಂಕಿಂದ ತಣ್ಣಗೆ 20 ಡಿಗ್ರೀಲಿ ಬಂದಿದ್ದಕ್ಕೂ ಬಿಸಿಲಲ್ಲಿ ನಿಂತ ಬೌಸರಿಂದ (ಪೆಟ್ರೋಲ್ ಲಾರಿ) 38 ಡಿಗ್ರೀಲಿ ಬಂದಿದ್ದಕ್ಕೂ ಹತ್ತಿರ ಹತ್ತಿರ 2 ಪರ್ಸೆಂಟ್ ವ್ಯತ್ಯಾಸ, 50 ಗ್ಯಾಲನ್ನಿಗೆ ಒಂದು ಗ್ಯಾಲನ್. ಹಾಗಂತ ಪ್ರತಿ ತಿಂಗಳು ಕೆ-ಫ್ಯಾಕ್ಟರ್ ತಿರುಗಿಸ್ತಾ ಕೂರಬೇಡಿ, ಬೇಸಿಗೇದು ಚಳಿಗಾಲದ್ದು ಎರಡೂ ಸೇರಿಸಿ ಒಟ್ಟು ಮಾಡಿದ್ರೆ ಸಾಕು.

ಗ್ಯಾಲನ್, ಲೀಟರ್, ಕೇಜಿ... ಯಾವುದರಲ್ಲಿ ಇಟ್ಕೊಳ್ಳೋದು?

ಯಾವುದಾದ್ರೂ ಒಂದರಲ್ಲಿ ಇಟ್ಕೊಳ್ಳಿ, ಬೆರೆಸಬೇಡಿ. ಅಮೆರಿಕನ್ ಗ್ಯಾಲನ್ 3.785 ಲೀಟರ್, ಬ್ರಿಟಿಷ್ ಗ್ಯಾಲನ್ 4.546. ನೀಲಿ ಬಣ್ಣದ 100ಎಲ್‌ಎಲ್ ಪೆಟ್ರೋಲ್ ಲೀಟರಿಗೆ ಸುಮಾರು 0.72 ಕೇಜಿ. ಊರಲ್ಲಿ ಕಲಿಯೋರಿಗೆ ಬೌಸರ್ ಲೀಟರಲ್ಲಿ ಹಾಕುತ್ತೆ, ಸೆಸ್ನಾ ಪುಸ್ತಕ ಗ್ಯಾಲನ್ನಲ್ಲಿ ಇರುತ್ತೆ, ತೂಕದ ಲೆಕ್ಕ ಕೇಜೀಲಿ. 100 ಲೀಟರ್ ಅಂದ್ರೆ 26.4 ಗ್ಯಾಲನ್, 72 ಕೇಜಿ, ಈ ಒಂದು ಸಾಲು ಬಾಯಿಪಾಠ ಮಾಡ್ಕೊಳ್ಳಿ.

ದೊಡ್ಡೋರೂ ಇಲ್ಲಿ ಎಡವಿದಾರೆ. 1983ರ ಜುಲೈ 23ರಂದು ಏರ್ ಕೆನಡಾದ ಬೋಯಿಂಗ್ 767ರ ಗೇಜುಗಳು ಕೆಟ್ಟಿದ್ವು, ಕಡ್ಡೀಲಿ ಅಳೆದು ಲೆಕ್ಕ ಹಾಕಿದ್ರು, ಲೀಟರಿಗೆ 0.8 ಕೇಜಿ ಅಂತ ಗುಣಿಸೋ ಬದಲು 1.77 ಅಂತ ಪೌಂಡಿನ ಅಂಕಿಯಿಂದ ಗುಣಿಸಿದ್ರು. ಬೇಕಾಗಿದ್ದು 22,300 ಕೇಜಿ, ಇದ್ದಿದ್ದು ಅದರ ಅರ್ಧಕ್ಕಿಂತ ಕಮ್ಮಿ. ಆಕಾಶದಲ್ಲೇ ಒಂದಾದ ಮೇಲೊಂದು ಎರಡೂ ಇಂಜಿನ್ ನಿಂತು, ಗ್ಲೈಡರ್ ಥರ ತೇಲಿಸ್ಕೊಂಡು ಬಂದು ಗಿಮ್ಲಿ ಅನ್ನೋ ಊರಿನ ಹಳೇ ಏರ್‌ಬೇಸಲ್ಲಿ ಇಳಿಸಿದ್ರು. ಯಾರೂ ಸಾಯಲಿಲ್ಲ. ಅಲ್ಲಿ ಫ್ಲೋ ಲೆಕ್ಕ ಹಾಕೋ ಕಂಪ್ಯೂಟರ್ ಸರಿಯಾಗೇ ಇತ್ತು, ಅದಕ್ಕೆ ಹೊರಡುವಾಗ ಕೊಟ್ಟ ಅಂಕಿ ತಪ್ಪು.

ಹಂಗಾದ್ರೆ ಟೋಟಲೈಸರನ್ನ, ಅಂದ್ರೆ ಮೀಟರ್ ಇಡೋ ಒಟ್ಟು ಲೆಕ್ಕಾನ, ಎಷ್ಟು ನಂಬಬಹುದು ಅಣ್ಣ?

ಕೆ-ಫ್ಯಾಕ್ಟರ್ ಸರಿಯಾದ ಮೇಲೆ ನಮ್ಮದು ಪ್ರತಿ ಸಲ ಅರ್ಧ ಗ್ಯಾಲನ್ ಒಳಗೇ ತಾಳೆಯಾಗ್ತಿದೆ. ಆದ್ರೆ ಅದಕ್ಕೆ ಕಾಣದ ಎರಡು ವಿಷಯ ಇದಾವೆ, ಎರಡೂ ನಮಗೆ ಅನುಭವಕ್ಕೆ ಬಂದಿದಾವೆ.

ಒಂದು, ಹೊರಡುವಾಗಿನ ಅಂಕಿ. ಒಂದು ಸಲ ನನ್ನ ಗೆಳೆಯ ಸೆಕೆ ಜಾಸ್ತಿ, ಮೂರು ಜನ ಬೇರೆ ಇದೀವಿ ಅಂತ 50 ಗ್ಯಾಲನ್ ಗುರುತಿಗೆ ಮಾತ್ರ ತುಂಬಿಸಿ, ಅಭ್ಯಾಸಬಲದಿಂದ ಮೀಟರಲ್ಲಿ "ಫುಲ್" ಒತ್ತಿಟ್ಟಿದ್ದ. ಮಾರನೇ ದಿನ ಬೆಳಿಗ್ಗೆ ನಾನು ಹೋಗಿ ಸ್ವಿಚ್ ಹಾಕಿದ್ರೆ ಮೀಟರ್ 14 ಗ್ಯಾಲನ್ ಜಾಸ್ತಿ ತೋರಿಸ್ತಿತ್ತು. ಕಡ್ಡಿ ಅದ್ದಿ ನೋಡಿದ್ದಕ್ಕೆ ಗೊತ್ತಾಯ್ತು. ಆ ಕಡ್ಡಿ ಅಂಗಡೀದಲ್ಲ, ಟ್ಯಾಂಕ್ ಪೂರ್ತಿ ಖಾಲಿ ಮಾಡಿ ಐದೈದು ಗ್ಯಾಲನ್ ಹಾಕ್ತಾ ನಮ್ಮ ವಿಮಾನಕ್ಕೇ ಅಂತ ಗೀರು ಹಾಕಿದ ಮರದ ಕಡ್ಡಿ. ಪ್ರತಿ ಟ್ಯಾಂಕಿಗೂ ಬೇರೆ ಬೇರೆ ಗೀರು, ಎಡಗಡೇದು ಬಲಗಡೇದು ಒಂದೇ ಥರ ಇರಲ್ಲ.

ಎರಡನೇದು, ಇಂಜಿನ್ನಿಗೆ ಹೋಗದೇ ಆಚೆ ಹೋಗೋ ಪೆಟ್ರೋಲ್. ಒಂದು ದಿನ ಇಳಿದು ನೋಡಿದ್ರೆ ಬಲಗಡೆ ರೆಕ್ಕೆ ಮೇಲೆ, ಟ್ಯಾಂಕ್ ಮುಚ್ಚಳದಿಂದ ಹಿಂದಕ್ಕೆ, ಬಿಳೀ ಪೇಂಟ್ ಮೇಲೆ ಒಂದು ಗೇಣು ಅಗಲದ ತಿಳಿ ನೀಲಿ ಪಟ್ಟೆ. ಬೆರಳಲ್ಲಿ ಉಜ್ಜಿದ್ರೆ ಅಂಟಂಟು. ಮುಚ್ಚಳದ ರಬ್ಬರ್ ರಿಂಗು ಒಣಗಿ ಬಿರುಕು ಬಿಟ್ಟಿತ್ತು, ರೆಕ್ಕೆ ಮೇಲಿನ ಗಾಳಿಯ ಸೆಳೆತಕ್ಕೆ ಎರಡು ಗಂಟೆ ಹೊತ್ತು ಪೆಟ್ರೋಲ್ ಹೀರಿಕೊಂಡು ಹೋಗಿತ್ತು. ಮೀಟರ್ ಪ್ರಕಾರ ಎಲ್ಲ ಸರಿ, ಬಂಕಲ್ಲಿ ಮೂರು ಗ್ಯಾಲನ್ ಜಾಸ್ತಿ ಹಿಡೀತು. ಹಾರುವಾಗ ಇದನ್ನ ಹೇಳಬಹುದಾಗಿದ್ದು ಟ್ಯಾಂಕ್ ಗೇಜ್ ಮಾತ್ರ, ಅದು ಹೇಳ್ತಾನೂ ಇತ್ತು, ಬಲಗಡೆ ಮುಳ್ಳು ಬೇಗ ಬೇಗ ಇಳೀತಿದ್ದನ್ನ ನಾನು "ಗೇಜ್ ತಾನೇ" ಅಂತ ಬಿಟ್ಟಿದ್ದೆ. ಈಗ ಅರ್ಧ ಗಂಟೆಗೊಮ್ಮೆ ಟ್ಯಾಂಕ್ ಬದಲಾಯಿಸುವಾಗ ಗೇಜು, ಗಡಿಯಾರ, ಟೋಟಲೈಸರ್ ಮೂರನ್ನೂ ಬರೀತೀನಿ. ಮೂರರಲ್ಲಿ ಒಂದು ಬೇರೆ ಮಾತಾಡಿದ್ರೂ ಇಳಿಯೋದೇ.

ಫ್ಲೋ ನೋಡಿ ಇಂಜಿನ್ ಬಗ್ಗೆ ಏನಾದ್ರೂ ಗೊತ್ತಾಗುತ್ತಾ?

ತುಂಬಾ. ಸಮುದ್ರಮಟ್ಟದ ಹತ್ತಿರ ಫುಲ್ ಥ್ರಾಟಲ್, ಫುಲ್ ರಿಚ್ (ಪೆಟ್ರೋಲ್ ಪಾಲು ಪೂರ್ತಿ ಜಾಸ್ತಿ) ಟೇಕಾಫಲ್ಲಿ ಗಂಟೆಗೆ ಹಾರ್ಸ್‌ಪವರಿನ ಸುಮಾರು 9 ಪರ್ಸೆಂಟಷ್ಟು ಗ್ಯಾಲನ್ ಬರಬೇಕು ಅನ್ನೋದು ರೂಢಿಯ ಲೆಕ್ಕ, ನಮ್ಮ 200ಕ್ಕೆ 18. ಅದಕ್ಕಿಂತ ಚೆನ್ನಾಗೇ ಕಮ್ಮಿ ಬಂದ್ರೆ ಸಿಲಿಂಡರ್ ತಲೆ ಕಾಯುತ್ತೆ, ಡೆಟೋನೇಶನ್ (ಒಳಗೆ ಪೆಟ್ರೋಲ್ ಹದತಪ್ಪಿ ಸಿಡಿಯೋ) ಭಯ, ಮೆಕ್ಯಾನಿಕ್ ಹತ್ರ ಹೋಗಿ. ಬೆಂಗಳೂರಿನ ಜಕ್ಕೂರು ಏರ್‌ಫೀಲ್ಡ್ ಸುಮಾರು 3,000 ಅಡಿ ಎತ್ತರದಲ್ಲಿದೆ, ಅಲ್ಲಿ ಈ ಅಂಕಿ ಹಂಗೇ ಹಿಡೀಬೇಡಿ, ನಿಮ್ಮ ವಿಮಾನದ ಪುಸ್ತಕ ನೋಡಿ.

ಇನ್ನೊಂದು, ಮಿಕ್ಸ್ಚರ್ ಪೀಕಿಗಿಂತ (ಎಕ್ಸಾಸ್ಟ್ ಅತೀ ಬಿಸಿಯಾಗೋ ಹದ) ಲೀನ್, ಅಂದ್ರೆ ಪೆಟ್ರೋಲ್ ಕಮ್ಮಿ, ಇದ್ದಾಗ ಪವರ್ ಪೂರ್ತಿ ಪೆಟ್ರೋಲಿನ ಮೇಲೇ ನಿಂತಿರುತ್ತೆ. ನಮ್ಮಂಥ ಕಂಪ್ರೆಷನ್ ಇರೋ ಇಂಜಿನ್ನಿಗೆ ಗಂಟೆಗೆ ಹೋಗೋ ಒಂದೊಂದು ಗ್ಯಾಲನ್ನಿಗೂ ಸುಮಾರು 15 ಹಾರ್ಸ್‌ಪವರ್, 9 ಗ್ಯಾಲನ್ ಅಂದ್ರೆ 135, ಅಂದ್ರೆ 67 ಪರ್ಸೆಂಟ್ ಪವರ್. ರಿಚ್ ಕಡೆ ಈ ಲೆಕ್ಕ ನಡೆಯಲ್ಲ.

ಕರ್ನಾಟಕದಲ್ಲಿ ಇದು ಯಾರಿಗೆ ಉಪಯೋಗ?

ಜಕ್ಕೂರಲ್ಲಿ ಸರ್ಕಾರಿ ಫ್ಲೈಯಿಂಗ್ ಸ್ಕೂಲ್ ಇದೆ, ಅಲ್ಲಿ ಸೆಸ್ನಾ ಹಾರಿಸೋರಿಗೆ ಕಡ್ಡಿ ಅದ್ದೋದು ಹೇಗೂ ಅಭ್ಯಾಸ ಇರುತ್ತೆ. ಬೆಂಗಳೂರಿನ ಎನ್‌ಎಎಲ್ (ಸರ್ಕಾರಿ ವಿಮಾನ ಸಂಶೋಧನಾ ಸಂಸ್ಥೆ) ಮಾಡಿದ ಹಂಸ-3 ತರಬೇತಿ ವಿಮಾನದಲ್ಲಿ ರೋಟ್ಯಾಕ್ಸ್ 914 ಇತ್ತು, ಅದಕ್ಕೂ ರಿಟರ್ನ್ ಲೈನ್ ಉಂಟು. 2021ರಲ್ಲಿ ಮೊದಲು ಹಾರಿದ ಹಂಸ-ಎನ್‌ಜಿಗೆ 912ಐಎಸ್ ಹಾಕಿದಾರೆ, ಅಂದ್ರೆ ಮೇಲೆ ಹೇಳಿದ ಇಂಜಿನ್ ಕಂಪ್ಯೂಟರ್ ಲೆಕ್ಕದ ಜಾತಿ. ಕನ್ನಡದ ಹುಡುಗರು ಮುಂದೆ ಅದರಲ್ಲೇ ಕಲಿಯೋ ಹಾಗಾಗಲಿ ಅಂತ ನನಗೆ ತುಂಬಾ ಆಸೆ. ಸರ್ಟಿಫೈಡ್ ವಿಮಾನಕ್ಕೆ ಮಾತ್ರ ಅಲ್ಲಾಗಲಿ ಇಲ್ಲಾಗಲಿ ನೀವೇ ಸ್ಪ್ಯಾನರ್ ಹಿಡಿದು ಸೆನ್ಸರ್ ಹಾಕೋ ಹಾಗಿಲ್ಲ, ಅನುಮೋದನೆ ಇರೋ ಸಾಧನ, ಲೈಸೆನ್ಸ್ ಇರೋ ಇಂಜಿನಿಯರ್, ಲಾಗ್‌ಬುಕ್ಕಲ್ಲಿ ಎಂಟ್ರಿ, ಮೂರೂ ಬೇಕು.

ಒಂದ್ಸಲ ಸರಿ ಮಾಡಿದ ಮೇಲೆ ಮತ್ತೆ ಯಾವಾಗ ನೋಡಬೇಕು?

ಪ್ರತಿ ಸಲ ತುಂಬಿಸಿದಾಗ ಎರಡು ಅಂಕಿ ಬರೆಯೋದು ನಿಲ್ಲಿಸಬೇಡಿ. ಸತತ ಮೂರು ಸಲ ಒಂದೇ ಕಡೆಗೆ 2 ಪರ್ಸೆಂಟ್ ವಾಲಿದ್ರೆ ಕೆ-ಫ್ಯಾಕ್ಟರ್ ಮುಟ್ಟೋ ಮೊದಲು ಕಾರಣ ಹುಡುಕಿ, ಸೋರಿಕೆ ಇರಬಹುದು, ಬೇರಿಂಗ್ ಸವೆದಿರಬಹುದು, ಬಂಕಿನ ಮೀಟರೇ ಬದಲಾಗಿರಬಹುದು. ಇಂಜಿನ್ ಬಿಚ್ಚಿ ಜೋಡಿಸಿದ್ರೆ, ಹೋಸ್ ಬದಲಾಯಿಸಿದ್ರೆ ಮತ್ತೆ ಐದು ಸಲದ ಲೆಕ್ಕ ಮೊದಲಿಂದ. ನಮ್ಮ ನೋಟ್‌ಬುಕ್ಕು ಬಲಗಡೆ ಸೀಟಿನ ಹಿಂದಿನ ಜೇಬಲ್ಲಿರುತ್ತೆ, ಪೆನ್ಸಿಲ್ ದಾರ ಕಟ್ಟಿ ನೇತಾಕಿದೀವಿ, ಕಳೆದ ಶನಿವಾರದ ಸಾಲು ಬಂಕ್ 33.7, ಮೀಟರ್ 33.6.